ಮಳೆ ನಿಲ್ಲಿಸಿದ ಹುಡುಗಿ

2020ರ ಲಾಕ್‌ಡೌನ್‌ನಲ್ಲಿ ನಮ್ಮ ಶಾಲೆ ಮುಚ್ಚಿತ್ತು. ಮಗಳು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದು ಕೂತಿದ್ದಳು. ರಾತ್ರಿ ಊಟವಾದ ಮೇಲೆ ಏನೋ ಕಾರ್ಟೂನ್ ಹಾಕಿಕೊಂಡು ಒಬ್ಬಳೇ ನಗುವುದು, ಒಬ್ಬಳೇ ಕಣ್ಣೊರೆಸಿಕೊಳ್ಳುವುದು ನಡೆದಿತ್ತು. "ಇಷ್ಟು ದೊಡ್ಡವಳಾಗಿ ಕಾರ್ಟೂನಿಗೆ ಅಳ್ತೀಯಲ್ಲೇ" ಎಂದು ರೇಗಿಸಿದೆ. "ಅಮ್ಮಾ, ಒಂದು ಕಂತು ನೋಡು, ಆಮೇಲೆ ಮಾತಾಡು" ಅಂದಳು. ಹುಣಸೆಹಣ್ಣಿನ ಬೀಜ ಬಿಡಿಸುತ್ತ ಪಕ್ಕದಲ್ಲಿ ಕೂತೆ. ಹುಣಸೆಹಣ್ಣು ನಾಲ್ಕೇ ದಿನಕ್ಕೆ ಮುಗಿಯಿತು. ನಾನು ಮಾತ್ರ ಅರವತ್ತೊಂದು ಕಂತುಗಳನ್ನೂ ನೋಡಿಯೇ ಎದ್ದೆ.

ಅದು 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ನೀಲಿ ಮೈಯವರ ಸಿನಿಮಾ ಅಲ್ಲ, ಅದು ಬೇರೆ. ಮೈಕೆಲ್ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೊ ಎಂಬ ಇಬ್ಬರು ಕಟ್ಟಿದ ಈ ಧಾರಾವಾಹಿ ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರವರೆಗೆ ಬಂತು. ನೀರು, ಮಣ್ಣು, ಬೆಂಕಿ, ಗಾಳಿ ಎಂದು ನಾಲ್ಕು ನಾಡುಗಳು. (ಐದನೆಯದಾದ ಆಕಾಶವನ್ನು ಬಿಟ್ಟರಲ್ಲ ಎಂದು ನನ್ನೊಳಗಿನ ಮೇಡಂ ಮೊದಲ ದಿನವೇ ತಪ್ಪು ಹುಡುಕಿದಳು.) ಬೆಂಕಿ ನಾಡು ನೂರು ವರ್ಷದಿಂದ ಯುದ್ಧ ಮಾಡುತ್ತಿದೆ. ಅದನ್ನು ನಿಲ್ಲಿಸಬೇಕಾದ ಅವತಾರಪುರುಷ ಹನ್ನೆರಡು ವರ್ಷದ ಆಂಗ್, ಮಂಜುಗಡ್ಡೆಯೊಳಗೆ ನೂರು ವರ್ಷ ಮಲಗಿ ಎದ್ದವನು. ನಡುವೆ ಪಥಿಕ್ ಎಂಬ ಗುರುವೊಬ್ಬ ಬಂದು ಏಳು ಚಕ್ರಗಳ ಪಾಠ ಹೇಳುತ್ತಾನೆ, ಕುಡಿಯಲು ಈರುಳ್ಳಿ ಬಾಳೆಹಣ್ಣಿನ ರಸ ಕೊಡುತ್ತಾನೆ. ನಮ್ಮ ಋಷಿಗಳ ಬಗ್ಗೆ ಪಾಪ ಅವರಿಗೆ ಏನು ಕಲ್ಪನೆಯೋ!

ನನ್ನನ್ನು ಹಿಡಿದು ಕೂರಿಸಿದ್ದು ಈ ಮಕ್ಕಳ ವಯಸ್ಸು. ಆಂಗ್, ಟಾಫ್ ನಮ್ಮ ಲೆಕ್ಕಕ್ಕೆ ಏಳನೆಯ ತರಗತಿ. ಕಟಾರ ಒಂಬತ್ತು. ಅವಳ ಅಣ್ಣ ಸಾಕ, ಬೆಂಕಿ ನಾಡಿನ ರಾಜಕುಮಾರ ಜೂಕೊ ಎಸೆಸ್ಸೆಲ್ಸಿಯ ಆಸುಪಾಸು. ಹಿರಿಯರು ಮಾಡಿಟ್ಟ ಯುದ್ಧವನ್ನು ಮುಗಿಸುವ ಕೆಲಸ ಈ ಮಕ್ಕಳ ಪಾಲಿಗೆ ಬಂದಿದೆ.

ಇನ್ನು ಕೊನೆ. ದುಷ್ಟ ರಾಜ ಓಜಾಯ್‌ನನ್ನು ಕೊಲ್ಲದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ ಎಲ್ಲರೂ. ಆಂಗ್ ಕೊಲ್ಲಲಾರ. ಅವನನ್ನು ಸಾಕಿದ ಸನ್ಯಾಸಿಗಳು ಕಲಿಸಿದ್ದು ಅಹಿಂಸೆ. ಆ ಜನರೆಲ್ಲ ಈಗ ಸತ್ತಿದ್ದಾರೆ, ಉಳಿದವನು ಇವನೊಬ್ಬ. ಇವನು ಕೊಂದರೆ ಆ ಜನರ ಜೊತೆ ಅವರ ಧರ್ಮವೂ ಮುಗಿದಂತೆ. ಇಲ್ಲಿಯವರೆಗೆ ಬರವಣಿಗೆ ಬಹಳ ಗಟ್ಟಿ. ಹಿಂದಿನ ಅವತಾರಗಳನ್ನು ಒಬ್ಬೊಬ್ಬರಾಗಿ ಕೇಳುತ್ತಾನೆ. ಯಾಂಗ್‌ಚೆನ್ ಎಂಬ ಸನ್ಯಾಸಿನಿ, ಇವನದೇ ಕುಲದವಳು, ಇವಳಾದರೂ ಕೊಲ್ಲಬೇಡ ಎಂದಾಳು ಎಂದು ನಾನೂ ಕಾದೆ. ನಿನ್ನ ಆತ್ಮದ ಶುದ್ಧಿಗಿಂತ ಲೋಕದ ಕ್ಷೇಮ ದೊಡ್ಡದು ಎಂಬರ್ಥದಲ್ಲಿ ಅವಳೂ ಹೇಳಿಬಿಡುತ್ತಾಳೆ. ನನಗೆ ಮೈ ಜುಮ್ಮೆಂದಿತು.

ಆದರೆ ಅಷ್ಟು ಬಿಗಿಯಾಗಿ ಹಾಕಿದ ಗಂಟನ್ನು ಬಿಚ್ಚಿದ್ದು ಹೇಗೆ? ಸಮುದ್ರದಲ್ಲಿ ದ್ವೀಪದಷ್ಟು ದೊಡ್ಡ ಸಿಂಹಮುಖದ ಆಮೆಯೊಂದು ಬಂದು, ಶತ್ರುವಿನ ಶಕ್ತಿಯನ್ನೇ ಕಿತ್ತುಕೊಳ್ಳುವ ವಿದ್ಯೆಯನ್ನು ಕೊಟ್ಟು ಹೋಗುತ್ತದೆ! ಪರೀಕ್ಷೆಯ ಹಿಂದಿನ ರಾತ್ರಿ ಪ್ರಶ್ನೆಪತ್ರಿಕೆ ಸಿಕ್ಕ ಹಾಗೆ. ಓಜಾಯ್ ಬದುಕಿದ, ಯುದ್ಧ ನಿಂತಿತು, ಆಂಗ್‌ನ ವ್ರತವೂ ಉಳಿಯಿತು.

ನಮ್ಮೂರು ಚನ್ನರಾಯಪಟ್ಟಣ. ಶ್ರವಣಬೆಳಗೊಳದ ಬೆಟ್ಟ ಹತ್ತಿಸಿ ಮಕ್ಕಳಿಗೆ ಬಾಹುಬಲಿಯ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಗೆದ್ದು, ಅಣ್ಣ ಭರತನನ್ನು ಎತ್ತಿ ಹಿಡಿದವನು ನೆಲಕ್ಕೆ ಬಡಿಯದೆ ಕೆಳಗಿಳಿಸುತ್ತಾನೆ. ಆದರೆ ಆಮೇಲೆ ಅವನು ಅರಮನೆಗೆ ಹಿಂತಿರುಗುವುದಿಲ್ಲ. ಗೆದ್ದ ರಾಜ್ಯವನ್ನೇ ಬಿಟ್ಟು, ಬಳ್ಳಿ ಹಬ್ಬುವ ತನಕ ಕಾಡಿನಲ್ಲಿ ನಿಲ್ಲುತ್ತಾನೆ. ಕೊಲ್ಲದೆ ಬಿಟ್ಟಿದ್ದಕ್ಕೆ ಅವನು ತೆತ್ತ ಬೆಲೆ ಕಣ್ಣಿಗೆ ಕಾಣುತ್ತದೆ. ಆಂಗ್ ಏನು ತೆತ್ತ?

ಇದನ್ನೇ ಮಗಳಿಗೆ ಹೇಳಿದೆ. ಮಕ್ಕಳ ಧಾರಾವಾಹಿಯಲ್ಲಿ ಕೊಲೆ ತೋರಿಸಲು ಬರುತ್ತದೆಯೇ ಎಂದು ವಾದ ಮಾಡಿದಳು. ಇರಬಹುದು. ಆದರೆ ಅದೇ ಧಾರಾವಾಹಿಯಲ್ಲಿ, ಕೊನೆಗೆ ಕೆಲವೇ ಕಂತು ಮುಂಚೆ, 'ದಿ ಸದರ್ನ್ ರೇಡರ್ಸ್' ಎಂಬ ಕಂತಿದೆ. ನನ್ನ ಮಟ್ಟಿಗೆ ನಿಜವಾದ ಕೊನೆ ಅದು.

ಕಟಾರ ಚಿಕ್ಕವಳಿದ್ದಾಗ ಬೆಂಕಿ ನಾಡಿನ ಸೈನಿಕನೊಬ್ಬ ಅವಳ ತಾಯಿಯನ್ನು ಕೊಂದಿರುತ್ತಾನೆ. ಅವನು ಹುಡುಕಿಕೊಂಡು ಬಂದದ್ದು ನೀರಿನ ವಿದ್ಯೆ ಬಲ್ಲವರನ್ನು. ಮಗಳನ್ನು ಉಳಿಸಲು ತಾಯಿ 'ಅದು ನಾನೇ' ಎಂದಳು. ವರ್ಷಗಳ ಮೇಲೆ ಕಟಾರ ಅವನನ್ನು ಹುಡುಕಿ ಹೋಗುತ್ತಾಳೆ. ಕಾಣುವುದು ಯಾರು? ಕೆಲಸದಿಂದ ನಿವೃತ್ತನಾಗಿ, ಮುದಿ ತಾಯಿಯಿಂದ ಬೈಸಿಕೊಳ್ಳುತ್ತ, ಸಂತೆಯಿಂದ ತರಕಾರಿ ಹೊತ್ತು ಮಳೆಯಲ್ಲಿ ನಡೆದು ಬರುವ ಒಬ್ಬ ಪುಕ್ಕಲ. ಅವಳು ಕೈಯೆತ್ತಿ ಸುರಿಯುವ ಮಳೆಯನ್ನೇ ನಿಲ್ಲಿಸುತ್ತಾಳೆ. ಹನಿಗಳನ್ನು ಮಂಜಿನ ಈಟಿಗಳಾಗಿಸಿ ಎಸೆಯುತ್ತಾಳೆ, ಎದೆಯ ಹತ್ತಿರ ಬಂದಾಗ ತಡೆಯುತ್ತಾಳೆ. ಅವನೋ, ಬೇಕಾದರೆ ನನ್ನ ತಾಯಿಯನ್ನು ಕೊಂದು ಲೆಕ್ಕ ಚುಕ್ತಾ ಮಾಡಿಕೋ ಎನ್ನುವಂಥವನು! ಅವಳು ಕೊಲ್ಲದೆ ಹೊರಟುಬಿಡುತ್ತಾಳೆ. ಆಂಗ್ ಬಂದು ಕ್ಷಮಿಸಿದೆಯಲ್ಲ ಎಂದು ಹೊಗಳಲು ಹೋದರೆ, ಇಲ್ಲ, ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸುವುದಿಲ್ಲ ಎಂದು ನೇರವಾಗಿ ಹೇಳುತ್ತಾಳೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಹೋದ ವರ್ಷ ನನ್ನ ಚಿಕ್ಕಪ್ಪ, ಓದು ಬಾರದ ಅಮ್ಮನಿಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆ ಬಿಡಿಸಿದ. ಅಮ್ಮ ಊರವರ ರವಿಕೆ ಹೊಲಿದು ನಮ್ಮನ್ನು ಓದಿಸಿದಳು. ಅವಳು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಸಂತೆಯಲ್ಲಿ ಚಿಕ್ಕಪ್ಪ ಎದುರಾದ. ಬೆನ್ನು ಬಾಗಿತ್ತು, ಚೀಲದಿಂದ ನುಗ್ಗೇಕಾಯಿ ಹೊರಗೆ ಚಾಚಿಕೊಂಡಿತ್ತು. "ಚೆನ್ನಾಗಿದ್ದೀಯೇನಮ್ಮ" ಎಂದ. ನಾನು ಮಾತಾಡದೆ ಪಕ್ಕಕ್ಕೆ ಸರಿದೆ. "ವಯಸ್ಸಾದ ಜೀವ, ಕ್ಷಮಿಸಿಬಿಡಬಾರದೇನೇ" ಎಂದು ಅಂದಿನಿಂದ ನೆಂಟರು ಎಷ್ಟು ಬುದ್ಧಿ ಹೇಳಿದರೋ! ನಾನು ಕಲ್ಲು ಮನಸ್ಸಿನವಳು ಎಂದೇ ತಿಳಿದುಕೊಂಡಿದ್ದೆ. ಕೇಡು ಬಗೆಯದೆಯೂ ಕ್ಷಮಿಸದೆಯೂ ಇರಬಹುದು ಎಂದು ಈ ಹದಿನಾಲ್ಕರ ಹುಡುಗಿ ಹೇಳುವವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಂಥ ಕಟಾರಳನ್ನು ಕೊನೆಯಲ್ಲಿ ಏನು ಮಾಡಿದರು ನೋಡಿ. ನಾಟಕಮಂದಿರದಲ್ಲಿ ಆಂಗ್ ಮುತ್ತಿಡಲು ಬಂದಾಗ, ನನಗೆ ಗೊಂದಲವಾಗಿದೆ ಎಂದು ಸಿಟ್ಟಾದವಳು. ಕಟ್ಟಕಡೆಯ ದೃಶ್ಯದಲ್ಲಿ ಐರೋ ಮುದುಕನ ಚಹದಂಗಡಿಯ ಹೊರಗೆ ಬಂದು, ಒಂದೂ ಮಾತಿಲ್ಲದೆ ಅವನನ್ನು ಅಪ್ಪಿ ಮುತ್ತಿಡುತ್ತಾಳೆ. ಗೊಂದಲ ಯಾವಾಗ ತಿಳಿಯಾಯಿತು? ನಮಗೆ ತೋರಿಸಲಿಲ್ಲ. ಗೆದ್ದವನಿಗೆ ಬಹುಮಾನ ಕೊಟ್ಟ ಹಾಗಾಯಿತು.

ಜೂಕೊನ ತಂಗಿ ಅಜೂಲಳೂ ಹಾಗೆಯೇ. ಕ್ರೂರಿ, ನಿಜ. ಆದರೆ ಅವಳೂ ಹದಿನಾಲ್ಕರವಳೇ. ಸೋತು, ಸರಪಳಿಯಲ್ಲಿ ಬಿಗಿಸಿಕೊಂಡು, ಬುದ್ಧಿ ಕೆಟ್ಟವಳಂತೆ ಬೆಂಕಿ ಉಗುಳುತ್ತ ಅಳುತ್ತಾಳೆ. ಜೂಕೊ ದಾರಿ ತಪ್ಪಿದಾಗ ದೊಡ್ಡಪ್ಪ ಐರೋ ಕಾದಿದ್ದು ಅಪ್ಪಿಕೊಂಡ. ಇವಳಿಗೆ ಅಂಥವರು ಯಾರಿದ್ದರು? ತರಗತಿಯಲ್ಲಿ ಅಂಥ ಹುಡುಗಿಯರನ್ನು ನೋಡಿದ್ದೇನೆ. ಮೊದಲ ರ‍್ಯಾಂಕು ತಪ್ಪಿದ ದಿನ ಶೌಚಾಲಯದ ಬಾಗಿಲು ಹಾಕಿಕೊಂಡು ಕೂತವಳನ್ನು ಹೊರಗೆ ಕರೆಯಲು ನನಗೆ ಅರ್ಧ ದಿನ ಹಿಡಿದಿತ್ತು.

ಒಂದು ಮಾತ್ರ ಮೆಚ್ಚಿದೆ. ಪಟ್ಟವೇರಿದ ಜೂಕೊ ಸೆರೆಮನೆಗೆ ಹೋಗಿ, ಎಂದೋ ಮಾಯವಾದ ತಾಯಿ ಎಲ್ಲಿ ಎಂದು ಅಪ್ಪನನ್ನು ಕೇಳುತ್ತಾನೆ. ಅಲ್ಲಿಗೆ ಆ ದೃಶ್ಯ ಕತ್ತರಿಸಿಹೋಗುತ್ತದೆ. ಉತ್ತರ 2013ರಲ್ಲಿ ಬಂದ ಚಿತ್ರಪುಸ್ತಕಗಳಲ್ಲಿದೆ, ತರಿಸಿಕೊಡಲೇ ಎಂದಳು ಮಗಳು. ಬೇಡ, ಇನ್ನೂ ಸ್ವಲ್ಪ ದಿನ ಹೀಗೇ ಇರಲಿ ಎಂದೆ.