ಹರವೆ ಬಯಲಿನ ಮೂವತ್ತು ಡೆಸಿಬೆಲ್

ಬಯಲಿಗೆ ಒಯ್ಯುವ ಬ್ಯಾಟರಿಯ ಲೆಕ್ಕ ಬರೆಯುತ್ತೇನೆಂದು ಹೋದ ವಾರ ಹೇಳಿದ್ದೆ. ಲೆಕ್ಕ ಸಣ್ಣದು. 5 ವ್ಯಾಟ್‌ನ ರೇಡಿಯೋ ರಿಗ್ ಸುಮ್ಮನೆ ಕೇಳಿಸಿಕೊಳ್ಳುವಾಗ ಆಂಪಿಯರಿನ ಮೂರನೇ ಒಂದು ಪಾಲು ಎಳೆಯುತ್ತದೆ, ಕೀ ಒತ್ತಿದಾಗ ಒಂದೂವರೆ ಆಂಪಿಯರ್. ಮೋರ್ಸ್‌ನಲ್ಲಿ ಕೇಳುವ ಹೊತ್ತೇ ಹೆಚ್ಚು, ಹಾಗಾಗಿ ಸರಾಸರಿ ಅರ್ಧ ಆಂಪಿಯರ್ ಹಿಡಿಯಿರಿ. ಶನಿವಾರ ಮಧ್ಯಾಹ್ನ ಕೂತವರು ಭಾನುವಾರ ಬೆಳಿಗ್ಗೆ ಎದ್ದರೂ 10 ಆಂಪಿಯರ್-ಅವರ್ ದಾಟುವುದಿಲ್ಲ. ಯುಪಿಎಸ್‌ಗೆ ಹಾಕುವ 7ರ ಬ್ಯಾಟರಿ ಎರಡಿದ್ದರೆ ಆಯಿತು. ಟ್ರ್ಯಾಕ್ಟರ್ ಬ್ಯಾಟರಿ ಸಿಕ್ಕಿತೋ, ಚಿಂತೆಯೇ ಇಲ್ಲ.

ಇಷ್ಟು ಸಾಲುವ ಕೆಲಸಕ್ಕೆ ಜನರೇಟರ್ ಯಾಕೆ? ನೂರು ವ್ಯಾಟ್, ಅದರ ಮೇಲೊಂದು ಆಂಪ್ಲಿಫೈಯರ್, ಅದಕ್ಕೊಂದು ಜನರೇಟರ್ ಇಲ್ಲದೆ ಹೊರಾಂಗಣ ವಾರಾಂತ್ಯಕ್ಕೆ ಹೊರಡಲೇಬಾರದು ಎನ್ನುವ ಪಂಥವೊಂದು ಹವ್ಯಾಸಿ ರೇಡಿಯೋ ನಡೆಸುವ ನಮ್ಮ ಹ್ಯಾಮ್‌ಗಳಲ್ಲಿದೆ. ಅವರೊಡನೆ ನನ್ನ ಜಗಳ ಹಳೆಯದು, ಈ ಅಂಕಣದ ಓದುಗರಿಗೆ ಗೊತ್ತಿರುವಂಥದ್ದು. ಜನರಲ್ ದರ್ಜೆಯ ಪರವಾನಗಿ 400 ವ್ಯಾಟ್‌ವರೆಗೆ ಬಿಡುತ್ತದೆ ನಿಜ. ಬಿಡುತ್ತದೆಂದು ಬಯಲಿಗೂ ಹೊತ್ತುಕೊಂಡು ಹೋಗಬೇಕಿಲ್ಲ. 5 ವ್ಯಾಟ್‌ನಿಂದ 100 ವ್ಯಾಟ್‌ಗೆ ಏರಿದರೆ ಸಿಗುವುದು 13 ಡೆಸಿಬೆಲ್. ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರಿನಲ್ಲಿ ಒಂದೊಂದು ಮೆಟ್ಟಿಲಿಗೆ 6 ಡೆಸಿಬೆಲ್. ಅಂದರೆ ಆಚೆಯವರ ಮೀಟರಿನಲ್ಲಿ ಮುಳ್ಳು ಎರಡು ಮೆಟ್ಟಿಲು ಹತ್ತಿ ಸ್ವಲ್ಪ ಮುಂದೆ ನಿಲ್ಲುತ್ತದೆ, ಅಷ್ಟೇ.

ಇನ್ನು ಈಚೆಯ ಮೀಟರ್ ನೋಡಿ. ಊರೊಳಗೆ ನನ್ನ ಮನೆಯ 40 ಮೀಟರ್ ಬ್ಯಾಂಡಿನಲ್ಲಿ ಯಾರೂ ಮಾತಾಡದಿದ್ದಾಗಲೂ ಮುಳ್ಳು 7ರ ಮೇಲೆ ಕೂತಿರುತ್ತದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಪಕ್ಕದ ಮನೆ ಇನ್ವರ್ಟರು, ಎದುರು ಮಹಡಿಯ ಸೋಲಾರ್ ಪ್ಯಾನೆಲ್ಲಿನ ಕಂಟ್ರೋಲರು, ಎಲ್ಲವೂ ಸೇರಿ ಎಬ್ಬಿಸುವ ಗುಂಯ್ ಅದು. ಸಂಕ್ರಾಂತಿ ಕಳೆದ ಮೇಲೆ ಹರವೆಯ ಹತ್ತಿರ, ಅರಿಸಿನ ಅಗೆದು ಖಾಲಿಯಾಗಿದ್ದ ಹೊಲದ ಬದುವಿನಲ್ಲಿ ನಮ್ಮ ಬಳಗ ಡೇರೆ ಹಾಕಿತು. ಎರಡು ಹುಣಸೆ ಮರದ ನಡುವೆ 66 ಅಡಿಯ ಡೈಪೋಲ್ ಆಂಟೆನಾ ಎಳೆದು ರಿಗ್ ಹಚ್ಚಿದಾಗ ಮುಳ್ಳು 2ಕ್ಕೆ ಇಳಿದಿತ್ತು. ಐದು ಮೆಟ್ಟಿಲು, 30 ಡೆಸಿಬೆಲ್. ಯಾವ ಆಂಪ್ಲಿಫೈಯರೂ ಇದನ್ನು ಕೊಡಲಾರದು, ಏಕೆಂದರೆ ಆಂಪ್ಲಿಫೈಯರ್ ಇರುವುದು ಕೂಗುವುದಕ್ಕೆ. ಮನೆಯಲ್ಲಿ ಸದ್ದಿನಡಿ ಮುಳುಗಿಹೋಗುವ ಸಣ್ಣ ಸ್ಟೇಷನ್ನುಗಳು ಇಲ್ಲಿ ಒಂದೊಂದಾಗಿ ಮೇಲೆ ಬರುತ್ತವೆ. ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಬೆಂಗಳೂರಿನಿಂದ ಕನ್ನಡದಲ್ಲೇ ನಡೆಯುವ ಬೆಳಗಿನ ಹರಟೆ ಪಕ್ಕದಲ್ಲಿ ಕೂತು ಆಡಿದಷ್ಟು ಸ್ಪಷ್ಟ. ಇಂಥ ಜಾಗಕ್ಕೆ ಬಂದು ಜನರೇಟರ್ ಹಚ್ಚಿದರೆ ಅದರ ಸದ್ದು ಕಿವಿಗೂ ಬರುತ್ತದೆ, ರಿಸೀವರಿಗೂ ಬರುತ್ತದೆ.

ತಂತಿ ಇನ್ನೂ ಎತ್ತರವಿರಬೇಕಿತ್ತು ಎಂದು ಬಂದವರೊಬ್ಬರು ಹೇಳಿದರು. 25 ಅಡಿ ಎತ್ತರದಲ್ಲಿರುವ ಡೈಪೋಲ್ ತನ್ನ ಶಕ್ತಿಯನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ಅಯಾನುಗೋಳ ಅದನ್ನು ಕೊಡೆಯಂತೆ ಸುತ್ತ ನಾನೂರು ಕಿಲೋಮೀಟರಿಗೆ ಇಳಿಸುತ್ತದೆ. ಅಮೆರಿಕ ಬೇಕಾದವರಿಗೆ ಅದು ಕೊರತೆ, ಕರ್ನಾಟಕ ಬೇಕಾದವರಿಗೆ ವರ. ಕರಿಕಲ್ಲಿಗೆ ಹೆಸರಾದ ಜಿಲ್ಲೆಯಿದು. ಒಣಗಿದ ಕಲ್ಲುನೆಲದಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ, ಹಾಗಾಗಿ ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಇಲ್ಲಿ ಸೊರಗುತ್ತದೆ. ಅಡ್ಡ ತಂತಿಗೆ ನೆಲದ ಹಂಗು ಕಡಿಮೆ.

ಕಡಿಮೆ ಶಕ್ತಿಯನ್ನು ಹಗುರವಾಗಿ ಕಾಣುವವರು ಹರವೆಯಿಂದ ಮೈಸೂರಿನ ಕಡೆಗೆ ಒಮ್ಮೆ ತಿರುಗಬೇಕು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರು ಮಾಡಿದರು. ದೇಶದ ರೇಡಿಯೋ ಇಂದು ಹೊತ್ತಿರುವ ಆಕಾಶವಾಣಿ ಎಂಬ ಹೆಸರು ಆ ಮನೆಯ ಸ್ಟೇಷನ್ನಿನದು. 30 ವ್ಯಾಟ್ ಎಂದರೆ ಈಗಿನ ರಿಸ್ಟ್ರಿಕ್ಟೆಡ್ ದರ್ಜೆಯ ಹುಡುಗನಿಗೆ ಕೊಡುವ 50 ವ್ಯಾಟ್‌ಗಿಂತಲೂ ಕಡಿಮೆ.

ಇನ್ನು ತಾರೀಖಿನ ಮಾತು. ಹೊರಾಂಗಣ ವಾರಾಂತ್ಯವಾದ ಫೀಲ್ಡ್ ಡೇ ಎಂದರೆ ಜೂನ್ ನಾಲ್ಕನೇ ವಾರಾಂತ್ಯವೇ ಆಗಬೇಕೆಂದು ಹಟ ಹಿಡಿಯುವವರು ಅಮೆರಿಕದ ಕ್ಯಾಲೆಂಡರ್ ನೋಡಿ ಬದುಕುತ್ತಿದ್ದಾರೆ. ಅಲ್ಲಿ ಅದು ಬೇಸಿಗೆಯ ಆರಂಭ. ನಮಗೆ ಮುಂಗಾರು, ಎಲ್ಲೋ ನೂರಾರು ಮೈಲಿ ಆಚೆ ಹೊಡೆದ ಸಿಡಿಲೂ 40 ಮೀಟರಿನಲ್ಲಿ ಚಟಪಟ ಎನ್ನುವ ಕಾಲ. ಅವರ ಸ್ಪರ್ಧೆ ಶುರುವಾಗುವುದೂ ನಮ್ಮ ಶನಿವಾರ ರಾತ್ರಿ ಹನ್ನೊಂದೂವರೆಗೆ. ಸಿಡಿಲಿನ ದಿನದಲ್ಲಿ ಬಯಲಲ್ಲಿ ತಂತಿ ಎಳೆದು ಅದರ ಕೆಳಗೆ ಮಕ್ಕಳನ್ನು ಕೂರಿಸುವುದು ಅಪಾಯ. ನಮ್ಮ ಬಯಲಿನ ಕಾಲ ಡಿಸೆಂಬರಿನಿಂದ ಫೆಬ್ರವರಿ, ಒಣಹವೆ, ನಿಶ್ಶಬ್ದ ಬ್ಯಾಂಡು.

ಅಮೆರಿಕದಿಂದ ತರಬೇಕಾದದ್ದು ತಾರೀಖಲ್ಲ, ಎಫ್.ಇ. ಹ್ಯಾಂಡಿ ಎಂಬ ಮನುಷ್ಯನ ಬುದ್ಧಿ. 1926ರಲ್ಲಿ ಬಂದ ರೇಡಿಯೋ ಅಮೆಚೂರ್ಸ್ ಹ್ಯಾಂಡ್‌ಬುಕ್‌ನ ಮೊದಲ ಆವೃತ್ತಿ ಬರೆದವರು ಅವರು. 1933ರಲ್ಲಿ ಫೀಲ್ಡ್ ಡೇ ಹುಟ್ಟಿಸಿದವರೂ ಅವರೇ. ಮನೆಯ ಕರೆಂಟಿನಿಂದ ಬಿಡಿಸಿಕೊಂಡ ಸ್ಟೇಷನ್ ನಡೆಯುತ್ತದೋ ಇಲ್ಲವೋ ನೋಡುವುದು ಆ ದಿನದ ಉದ್ದೇಶ. ನಾನು ಮತ್ತೆಮತ್ತೆ ಓದುವ ಇನ್ನೊಂದು ಪುಟ 1928ರಲ್ಲಿ ಪಾಲ್ ಸೀಗಲ್ ಬರೆದ ಅಮೆಚೂರ್‌ಗಳ ನೀತಿಸಂಹಿತೆ. ಆರು ಗುಣ ಹೇಳುತ್ತದೆ. ಮೊದಲನೆಯದೇ, ಇನ್ನೊಬ್ಬರ ಸುಖಕ್ಕೆ ಕುಂದು ಬರುವಂತೆ ತಿಳಿದೂ ಸ್ಟೇಷನ್ ನಡೆಸಬಾರದು ಎಂಬ ಅರ್ಥದ್ದು. ಕೊನೆಯದು, ಸ್ಟೇಷನ್ನೂ ಕೈಚಳಕವೂ ನಾಡಿನ ಸೇವೆಗೆ ಸದಾ ಸಿದ್ಧವಾಗಿರಬೇಕು ಎಂಬುದು. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದಾಗ ವಯನಾಡಿನ ಹ್ಯಾಮ್‌ಗಳು ಕಲ್ಪೆಟ್ಟದ ಕಲೆಕ್ಟರ್ ಕಚೇರಿಯಲ್ಲಿ ಸ್ಟೇಷನ್ ಹೂಡಿ ಸುದ್ದಿ ದಾಟಿಸಿದರು. ಇದೇ ಜಿಲ್ಲೆಯ ಗುಂಡ್ಲುಪೇಟೆಗೆ ಅದು ಕಾಡಿನ ಆಚೆಯ ನೆರೆಮನೆ.

ಆ ಪುಟದಲ್ಲಿರುವ ಸೇವೆ ಹರವೆಯಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಬ್ಯಾಟರಿಗಿಂತ ಮುಖ್ಯವಾದ ವಿಷಯ ಅದು, ಉಳಿದ ಜಾಗ ಅದಕ್ಕೇ.

ಸಂಜೆ ಬ್ಯಾಂಡಿನಲ್ಲಿ ಒಂದು ಟಿಕ್ ಕೇಳತೊಡಗಿತು. ಸೆಕೆಂಡಿಗೊಂದು, ಗಡಿಯಾರ ಇಟ್ಟಂತೆ. ಸಿಡಿಲಿಗೆ ಇಂಥ ತಾಳವಿಲ್ಲ, ಪಂಪಿನ ಸ್ಟಾರ್ಟರು ಒಮ್ಮೆ ಸಿಡಿದು ಸುಮ್ಮನಾಗುತ್ತದೆ. ಕಾಡುಹಂದಿ ಬರುವ ಸೀಮೆಯಲ್ಲಿ ಇದು ಒಂದೇ ಆಗಿರಬಲ್ಲದು, ಸೋಲಾರ್ ಬೇಲಿ. ಬೇಲಿಯ ಎನರ್ಜೈಸರ್ ಸೆಕೆಂಡಿಗೊಮ್ಮೆ ಹಲವು ಸಾವಿರ ವೋಲ್ಟಿನ ಕ್ಷಣಮಾತ್ರದ ಮಿಡಿತ ಕಳಿಸುತ್ತದೆ. ತಂತಿ ಸರಿಯಾಗಿದ್ದರೆ ರೇಡಿಯೋದಲ್ಲಿ ಅದರ ಸುಳಿವು ಅಷ್ಟಾಗಿ ಇರುವುದಿಲ್ಲ. ಎಲ್ಲಾದರೂ ಕಿಡಿ ಹಾರುತ್ತಿದ್ದರೆ ಮಾತ್ರ ಹೀಗೆ ಟಿಕ್ ಎನ್ನುತ್ತದೆ. ನೂರು ವರ್ಷದ ಹಿಂದೆ ಹಡಗುಗಳು ಸಂದೇಶ ಕಳಿಸುತ್ತಿದ್ದದ್ದೂ ಕಿಡಿಯಿಂದಲೇ.

ಎರಡು ಹೊಲ ದಾಟಿ ಹೋಗಿ ಕೇಳಿದೆವು. ಯಜಮಾನರು ಬೇಲಿಯ ಮೇಲೆ ಬೇಸತ್ತಿದ್ದರು. “ಕರೆಂಟು ನಿಲ್ತಾ ಇಲ್ಲ ಸಾ, ಎಲ್ಲಿ ಸೋರ್ತದೋ ಗೊತ್ತಾಯ್ತಿಲ್ಲ. ಹಂದಿ ನುಗ್ಗಿ ಗೆಡ್ಡೆ ಎಲ್ಲಾ ಎಬ್ಬಾಕ್ತವೆ,” ಎಂದರು. ಜೇಬು ರೇಡಿಯೋ ಒಂದನ್ನು ಮೀಡಿಯಂ ವೇವ್‌ನಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿಕೊಂಡು ಬೇಲಿಗುಂಟ ನಡೆದೆವು. ಟಿಕ್ ಹೆಚ್ಚುತ್ತಾ ಹೋಗಿ ಒಂದು ಮೂಲೆಗಂಬದ ಬಳಿ ಕಿವಿಗೆ ಹೊಡೆಯುವಷ್ಟಾಯಿತು. ಇನ್ಸುಲೇಟರ್ ಬಿರುಕು ಬಿಟ್ಟಿತ್ತು, ಕಂಬದ ಕಡೆಗೆ ಸಣ್ಣ ನೀಲಿ ಕಿಡಿ. ಇನ್ನೊಂದು ಕಡೆ ಲಂಟಾನದ ಹಸಿ ಕೊಂಬೆ ತಂತಿಗೆ ಒರಗಿತ್ತು. ಎರಡನ್ನೂ ಸರಿಪಡಿಸಿದ ಮೇಲೆ ಬೇಲಿಗೆ ಬಲ ಬಂತು, ನಮ್ಮ ಬ್ಯಾಂಡೂ ತಿಳಿಯಾಯಿತು.

ಕಾಡಂಚಿನ ರೈತರು ಇದನ್ನು ತಾವೇ ಮಾಡಿಕೊಳ್ಳಬಹುದು. ಮಾಡಿಕೊಳ್ಳಲೇಬೇಕು, ಏಕೆಂದರೆ ಬೇಲಿ ಕೆಲಸ ಮಾಡುತ್ತಿಲ್ಲವೆಂದು ಕೈಚೆಲ್ಲಿದವರು ಕೆಲವೊಮ್ಮೆ ಪಂಪ್‌ಸೆಟ್ಟಿನ ಕರೆಂಟನ್ನೇ ನೇರ ತಂತಿಗೆ ಬಿಡುತ್ತಾರೆ. ಆನೆ ಸಾಯುವುದು, ಮನುಷ್ಯರು ಸಾಯುವುದು ಅಂಥ ಬೇಲಿಗಳಿಂದ. ನೇರ ಕರೆಂಟಿನ ತಂತಿ ಟಿಕ್ ಎನ್ನುವುದಿಲ್ಲ ಎಂಬುದು ನೆನಪಿರಲಿ; ರೇಡಿಯೋ ಸುಮ್ಮನಿದೆಯೆಂದು ಗುರುತಿಲ್ಲದ ಬೇಲಿ ಮುಟ್ಟಬೇಡಿ. ನಿಮ್ಮದೇ ಬೇಲಿಯಾದರೂ ಕಿಡಿಯ ಜಾಗ ಸಿಕ್ಕಿದ ಮೇಲೆ ಮೊದಲು ಅಲ್ಲೊಂದು ಬಟ್ಟೆಚೂರು ಕಟ್ಟಿದ ಕೋಲು ನೆಡಿ, ವಾಪಸು ಹೋಗಿ ಎನರ್ಜೈಸರ್ ಆರಿಸಿ, ಟಿಕ್ ನಿಂತಿತೇ ಎಂದು ರೇಡಿಯೋದಲ್ಲಿ ಕೇಳಿ, ಆಮೇಲೆ ಇನ್ಸುಲೇಟರ್ ಬದಲಿಸಿ.