ಅಂಬೋನಿನ ಮೀನು, ಆಮ್‌ಸ್ಟರ್‌ಡಾಂನ ಬಣ್ಣ

ಪರಶುರಾಂಪುರದ ಕಡೆ ಮೀನೆಂದರೆ ಕೆರೆಯದು, ವೇದಾವತಿಯಲ್ಲಿ ನೀರಿದ್ದ ವರ್ಷ ಹೊಳೆಯದು. ಇಂಥ ಬಯಲುಸೀಮೆಯವರು ಲೂಯಿ ರೆನಾರ ಪ್ರಕಟಿಸಿದ ಕಡಲಮೀನುಗಳ ಚಿತ್ರಪುಸ್ತಕ ತೆರೆದರೆ ಬರೆದವನನ್ನು ನಂಬದೆ ವಿಧಿಯಿಲ್ಲ. 1719ರಲ್ಲಿ ಅದನ್ನು ಕೊಂಡ ಆಮ್‌ಸ್ಟರ್‌ಡಾಂನವರ ಪಾಡೂ ಅದೇ. ಹವಳದ ದಿಬ್ಬದ ಮೀನನ್ನು ಅವರೂ ಜೀವಂತ ಕಂಡವರಲ್ಲ. ಆ ನಂಬಿಕೆಯನ್ನು ಪುಸ್ತಕ ಉಳಿಸಿಕೊಂಡಿತೇ ಎಂಬುದೇ ನನ್ನ ಪ್ರಶ್ನೆ.

ಎರಡು ಸಂಪುಟ, ನೂರು ಫಲಕ, ಕೈಯಿಂದ ಬಣ್ಣ ತುಂಬಿದ 460 ಚಿತ್ರ. ಮೂಲ ಚಿತ್ರಗಳಲ್ಲಿ ಬಹುಪಾಲು ಸಾಮ್ಯುಯೆಲ್ ಫಾಲೂರ್ಸನವು. ಡಚ್ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಇವನು ಈಗಿನ ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದ. ಸತ್ತ ಮೀನಿನ ಬಣ್ಣ ಬೇಗ ಮಾಸುತ್ತದೆ. ಸ್ಥಳದಲ್ಲೇ ಕೂತು ಬರೆದದ್ದು ದೊಡ್ಡ ಕೆಲಸ. ಎಷ್ಟೋ ಚಿತ್ರಗಳ ಮೀನು ಯಾವ ಜಾತಿಯದೆಂದು ಈಗಿನ ತಜ್ಞರೂ ಗುರುತಿಸಬಲ್ಲರು. ಮೊದಲ ಸಂಪುಟವನ್ನು ಸುಳ್ಳಿನ ಕಂತೆ ಎಂದು ತಳ್ಳಿಹಾಕುವುದು ಅನ್ಯಾಯ.

ಎರಡನೆಯದು ಬೇರೆಯೇ. ಅಲ್ಲಿ ಏಡಿಯ ಚಿಪ್ಪಿನ ಮೇಲೆ ಸೂರ್ಯ, ಚಂದ್ರ, ಮನುಷ್ಯನ ಮುಖ. ಕೊನೆಗೊಬ್ಬ ಮತ್ಸ್ಯಕನ್ಯೆ: ತೊಟ್ಟಿಯಲ್ಲಿ ನಾಲ್ಕು ದಿನ ಏಳು ಗಂಟೆ ಬದುಕಿದ್ದಳು, ಇಲಿಯಂತೆ ಕೀರಲು ದನಿ ತೆಗೆದಳು, ಮೀನು ಕೊಟ್ಟರೂ ತಿನ್ನಲಿಲ್ಲ ಎಂದು ಅಡಿಬರಹ ಹೇಳುತ್ತದೆ. ಕಲ್ಪನೆ ತಪ್ಪಲ್ಲ, ನಮ್ಮ ಗುಡಿಗಳ ಮಕರವನ್ನು ಯಾರೂ ಆಕ್ಷೇಪಿಸುವುದಿಲ್ಲ, ಶಿಲ್ಪಿ ಅದನ್ನು ಹೊಳೆಯಲ್ಲಿ ಹಿಡಿದೆನೆಂದು ಹೇಳಿಲ್ಲ. ಇಲ್ಲಿ ಗಂಟೆಯ ಲೆಕ್ಕ ಕೊಟ್ಟು ಸುಳ್ಳಿಗೆ ಸಾಕ್ಷಿ ಹೇಳಿಸಿದ್ದಾರೆ. ಅದು ಪಕ್ಕದ ನಿಜವಾದ ಮೀನಿನ ಮೇಲೂ ಅನುಮಾನ ಹುಟ್ಟಿಸುತ್ತದೆ. ನನಗೆ ಕೋಪ ಬರುವುದು ಅಲ್ಲಿ.

ಅದೇ ಅಂಬೋನಿನಲ್ಲಿದ್ದ ನಿಸರ್ಗಶಾಸ್ತ್ರಜ್ಞ ರುಂಫಿಯಸ್ 1670ರಲ್ಲಿ ಕಣ್ಣು ಕಳೆದುಕೊಂಡ. ಸಹಾಯಕರಿಂದ ಬರೆಸುತ್ತಾ ಕೆಲಸ ಮುಂದುವರಿಸಿದ. ಅವನು ತೀರಿಕೊಂಡ ಮೂರು ವರ್ಷಕ್ಕೆ, 1705ರಲ್ಲಿ, ಏಡಿ, ಶಂಖ, ಚಿಪ್ಪುಗಳ ಪುಸ್ತಕ ಅಚ್ಚಾಯಿತು. ರೆನಾರನ ಬಣ್ಣದ ಬೆಡಗು ಇದಕ್ಕಿಲ್ಲ. ಆದರೆ ಪ್ರಾಣಿ ಎಲ್ಲಿ ಸಿಗುತ್ತದೆ, ದ್ವೀಪದವರು ಅದನ್ನು ಏನೆನ್ನುತ್ತಾರೆ, ತಿನ್ನುತ್ತಾರೋ ಇಲ್ಲವೋ ಎಂಬುದೆಲ್ಲ ಉಂಟು. ಚಿತ್ರವೂ ಮಾತೂ ಒಂದನ್ನೊಂದು ತಿದ್ದುತ್ತವೆ.

ರೆನಾರನ ಫಲಕಗಳಲ್ಲೂ ಮಲಯ್ ಮಾತಿನ ಮೀನಿನ ಹೆಸರುಗಳಿವೆ. ಹೆಸರು ಹೇಳಿದ ಬೆಸ್ತರ ಸುದ್ದಿಯೇ ಇಲ್ಲ. 1803ರಲ್ಲಿ ಪ್ಯಾಟ್ರಿಕ್ ರಸೆಲ್ ಹೊರತಂದ ವಿಶಾಖಪಟ್ಟಣದ ಇನ್ನೂರು ಮೀನುಗಳ ಪುಸ್ತಕದಲ್ಲೂ ಅಷ್ಟೇ: ತೆಲುಗು ಹೆಸರುಗಳು ಉಳಿದವು, ಬಲೆ ಬೀಸಿದವರು ಉಳಿಯಲಿಲ್ಲ. ಗಡಿಯಲ್ಲಿ ಕನ್ನಡ, ತೆಲುಗು ಎರಡೂ ಮಾತಾಡುವ ಪರಶುರಾಂಪುರದವರಿಗೆ ಆ ಹೆಸರುಗಳ ಸೊಗಡು ತಿಳಿದೀತು.

ರೆನಾರನ ಚಿತ್ರಗಳು ಈಗ ಗೋಡೆಯ ಅಲಂಕಾರಕ್ಕೂ ಬರುತ್ತಿವೆ. ತೂಗುಹಾಕಲಿ. ಶಾಲೆಯ ಪುಸ್ತಕದಲ್ಲಿ ಹಾಕುವವರು ಮಾತ್ರ ಯಾವುದು ಕಂಡು ಬರೆದದ್ದು, ಯಾವುದು ಕಟ್ಟಿ ಬರೆದದ್ದು ಎಂದು ಚಿತ್ರದ ಕೆಳಗೇ ನಮೂದಿಸಬೇಕು.