ಸದ್ದಿಲ್ಲದ ಗಾಡಿ, ಕೆಂಪು ದೀಪ

ಲಾಲ್‌ಬಾಗ್ ಪಶ್ಚಿಮ ದ್ವಾರದ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತೆಂದರೆ ಕಾರು, ಬಸ್ಸು, ಆಟೋಗಳು ನಿಲ್ಲುತ್ತವೆ. ಸೈಕಲ್ಲು ಮಾತ್ರ ಸಂದಿಯಲ್ಲಿ ನುಸುಳಿ ಮುಂದಕ್ಕೆ ಬರುತ್ತದೆ. ಸವಾರ ಒಂದು ಕಾಲು ನೆಲಕ್ಕೂರಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತಾನೆ, ಸಂದು ಸಿಕ್ಕ ಕೂಡಲೇ ತುಳಿದುಬಿಡುತ್ತಾನೆ. ಹೆಲ್ಮೆಟ್ ತೊಟ್ಟು ಗೇರ್ ಸೈಕಲ್ಲಿನಲ್ಲಿ ಆಫೀಸಿಗೆ ಹೊರಟವನೂ ಹೀಗೇ, ರಾತ್ರಿ ಪಾಳಿ ಮುಗಿಸಿ ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ಮನೆಗೆ ಮರಳುವ ವಾಚ್‌ಮನ್ನೂ ಹೀಗೇ. ಪೊಲೀಸರು ಸಾಮಾನ್ಯವಾಗಿ ತಡೆಯುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟು ಹುಡುಕುತ್ತದೆ, ಸೈಕಲ್ಲಿಗೆ ಅದಿಲ್ಲ. ಬನಶಂಕರಿಯಿಂದ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗಿಬರುವ ನಾನೂ ಬಹಳ ವರ್ಷ ಹೀಗೆ ದಾಟಿದವನು. ಈ ರೂಢಿ ತಪ್ಪು ಎಂಬ ತೀರ್ಮಾನಕ್ಕೆ ಈಗ ಬಂದಿದ್ದೇನೆ. ಆದರೆ ಹಾಗೆನ್ನುವ ಮುಂಚೆ ದಾಟುವವರ ಮಾತನ್ನು ಪೂರ್ತಿ ಕೇಳಬೇಕು. ಅದರಲ್ಲಿ ನಿಜ ಬಹಳ ಇದೆ.

ಮೊದಲು ಕಾಲಿನ ಕಷ್ಟ. ಸವಾರ, ಸೈಕಲ್ಲು, ಚೀಲ ಎಲ್ಲ ಸೇರಿ 90 ಕಿಲೋ ಅನ್ನಿ. ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಬರುವಾಗ ಆ ಭಾರದಲ್ಲಿ 1,125 ಜೂಲ್ ಚಲನಶಕ್ತಿ ಇರುತ್ತದೆ. ಬ್ರೇಕ್ ಹಿಡಿದರೆ ಅಷ್ಟೂ ರಿಮ್ಮಿನಲ್ಲಿ ಬಿಸಿಯಾಗಿ ಹೋಯಿತು. ಮತ್ತೆ ಅದೇ ವೇಗ ಹಿಡಿಯಲು, 75 ವಾಟ್‌ನಷ್ಟು ಸಾಮರ್ಥ್ಯದಲ್ಲಿ ನಿಧಾನಕ್ಕೆ ತುಳಿಯುವವನಿಗೆ ಹದಿನೈದು ಸೆಕೆಂಡಿನ ಹೆಚ್ಚುವರಿ ದುಡಿಮೆ ಬೇಕು. ಹತ್ತು ಸಿಗ್ನಲ್ಲಿಗೆ ಎರಡೂವರೆ ನಿಮಿಷದ ದುಡಿಮೆ ದಂಡ. ಕ್ಯಾರಿಯರಿಗೆ ಹಾಲಿನ ಕ್ಯಾನನ್ನೋ ಗ್ಯಾಸ್ ಸಿಲಿಂಡರನ್ನೋ ಕಟ್ಟಿಕೊಂಡವನ ಲೆಕ್ಕ ಇನ್ನೂ ದೊಡ್ಡದು. ಕಾರಿನಲ್ಲಿ ಕೂತವರಿಗೆ ಇದು ಆಕ್ಸಿಲರೇಟರಿನ ಮೇಲೆ ಪಾದ ಒತ್ತುವಷ್ಟು ಸುಲಭ. ಹಾಗಾಗಿ ಸೈಕಲ್ಲಿನವನಿಗೆ ಸೋಮಾರಿತನ ಎನ್ನುವ ಹಕ್ಕು ಅವರಿಗಿಲ್ಲ.

ಇದಕ್ಕಿಂತ ಗಟ್ಟಿಯಾದ ಮಾತು ಜೀವದ್ದು. ಕೆಂಪಿಗೆ ನಿಂತವನ ಎಡಕ್ಕೆ ಫುಟ್‌ಪಾತಿನ ಅಂಚು, ಬಲಕ್ಕೆ ಬಸ್ಸು. ಹಸಿರು ಬಂದ ಕೂಡಲೇ ಬಸ್ಸು ಎಡಕ್ಕೆ ತಿರುಗಿದರೆ ಅದರ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಆ ಮೂಲೆಯಲ್ಲಿರುವ ಸೈಕಲ್ಲು ಡ್ರೈವರಿನ ಕಣ್ಣಿಗೇ ಬೀಳುವುದಿಲ್ಲ. ನಮ್ಮ ಹಾಗೆಯೇ ಎಡಬದಿಯಲ್ಲಿ ಗಾಡಿ ಓಡಿಸುವ ಲಂಡನ್ನಿನಲ್ಲಿ ಸೈಕಲ್ ಸವಾರರ ಸಾವಿಗೆ ಎಡಕ್ಕೆ ತಿರುಗುವ ಲಾರಿಗಳು ದೊಡ್ಡ ಕಾರಣವೆಂದು ಮತ್ತೆ ಮತ್ತೆ ಕಂಡುಬಂದಿದೆ. ಇನ್ನು ಹಳದಿಯ ವಿಚಾರ. 30 ಮೀಟರ್ ಅಗಲದ ಚೌಕವನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ದಾಟಲು ಏಳು ಸೆಕೆಂಡು ಬೇಕು. ಹಳದಿ ಅಷ್ಟು ಹೊತ್ತು ಉಳಿಯುವುದಿಲ್ಲ. ಆಚೆ ಬದಿಯ ಬೈಕಿನವರೋ ಸೆಕೆಂಡು ಎಣಿಸುವ ಟೈಮರ್ ನೋಡಿಕೊಂಡು ಹಸಿರಿಗೆ ಮುಂಚೆಯೇ ಹೊರಟಿರುತ್ತಾರೆ. ಹಸಿರಿನಲ್ಲೇ ಹೊರಟ ಸೈಕಲ್ಲು ಚೌಕದ ನಡುವೆ ಸಿಕ್ಕಿಬೀಳುತ್ತದೆ. ಈ ದೀಪಗಳ ಲೆಕ್ಕದಲ್ಲಿ ಪೆಡಲ್ ತುಳಿಯುವವನು ಇಲ್ಲವೇ ಇಲ್ಲ. ‘ಎಲ್ಲರೂ ಹೊರಡುವ ಮುಂಚೆ ನಾನು ಆಚೆ ಸೇರಿಕೊಂಡರೆ ಬದುಕಿದೆ’ ಎನ್ನುವವನ ಭಯ ನನ್ನದೂ ಹೌದು.

ಆದರೂ ದಾಟಬಾರದು ಎಂದು ನನಗೆ ಕಲಿಸಿದ್ದು ಇದೇ ಸಿಗ್ನಲ್ಲು. ಒಂದು ದಿನ ಬೆಳಿಗ್ಗೆ ರೂಢಿಯಂತೆ ಎರಡೂ ಕಡೆ ನೋಡಿದೆ, ಗಾಡಿ ಇರಲಿಲ್ಲ, ತುಳಿದೆ. ಜೀಬ್ರಾ ಪಟ್ಟೆಯ ಮೇಲೆ ಒಬ್ಬ ಅಜ್ಜಿ, ಕಂಕುಳಲ್ಲಿ ಸೊಪ್ಪಿನ ಕಟ್ಟು. ನಾನು ಬ್ರೇಕ್ ಹಿಡಿಯುವಷ್ಟರಲ್ಲಿ ಆಕೆ ಹಿಂದಕ್ಕೆ ಸರಿದು, ಮುಗ್ಗರಿಸಿ, ಡಿವೈಡರ್ ಹಿಡಿದು ನಿಂತರು. ಸೊಪ್ಪು ರಸ್ತೆಗೆ ಬಿತ್ತು. ಇಳಿದು ಎತ್ತಿಕೊಟ್ಟೆ. ಬೈಯಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, ‘ಗಾಡಿ ಸದ್ದೇ ಬರ್ಲಿಲ್ವಲ್ಲಪ್ಪಾ’ ಎಂದರು. ಕಟ್ಟಿನ ದಾರ ಹರಿದಿತ್ತು, ಅದನ್ನೇ ಮತ್ತೆ ಸುತ್ತುತ್ತ ನಿಂತಿದ್ದರು.

ವಯಸ್ಸಾದವರು ರಸ್ತೆ ದಾಟುವುದು ಅರ್ಧ ಕಿವಿಯಿಂದ. ಬೈಕಿನ ಗುಡುಗು, ಬಸ್ಸಿನ ಬ್ರೇಕಿನ ಕೀರಲು, ಆಟೋದ ಟರಟರ ನಿಂತವೆಂದರೆ ದಾರಿ ತೆರವಾಯಿತೆಂದು ಅವರ ಲೆಕ್ಕ. ಆ ಮೌನದೊಳಗೇ ಸೈಕಲ್ಲು ಬರುತ್ತದೆ. ಹೊಗೆಯಿಲ್ಲ, ಸದ್ದಿಲ್ಲ ಎಂದು ನಾವು ಹೆಮ್ಮೆಪಡುವ ಗುಣವೇ ಅಲ್ಲಿ ಅಪಾಯ. ಇನ್ನೊಂದು ಮಾತು ಆ ದಿನ ಹೊಳೆಯಿತು. ‘ಎರಡೂ ಕಡೆ ನೋಡಿಯೇ ದಾಟಿದೆ’ ಎನ್ನುವ ಸವಾರ ನೋಡಿರುವುದು ತನ್ನನ್ನು ಕೊಲ್ಲಬಲ್ಲ ಗಾಡಿಗಳನ್ನು. ತಾನು ಬೀಳಿಸಬಲ್ಲ ಮನುಷ್ಯರನ್ನು ಹುಡುಕುವ ಅಭ್ಯಾಸ ಅವನ ಕಣ್ಣಿಗಿಲ್ಲ. ನನ್ನ ಕಣ್ಣಿಗೂ ಇರಲಿಲ್ಲ.

ಸೈಕಲ್ಲು ಕೆಂಪು ದಾಟಬಹುದೇ ಎಂಬ ವಾದ ಬಂದಾಗಲೆಲ್ಲ ಅಮೆರಿಕದ ಐಡಹೋ ರಾಜ್ಯದ ಹೆಸರು ಬರುತ್ತದೆ. ಅಲ್ಲಿ 1982 ರಲ್ಲಿ ಬಂದ ಕಾನೂನಿನಿಂದ ಸೈಕಲ್ ಸವಾರರು ಸ್ಟಾಪ್ ಫಲಕದೆದುರು ನಿಲ್ಲದೆ ನಿಧಾನಿಸಿ ಹೋಗಬಹುದು. ಕೆಂಪು ದೀಪವಿದ್ದರೆ ಪೂರ್ತಿ ನಿಂತು, ದಾರಿಯ ಹಕ್ಕುಳ್ಳವರಿಗೆ ಬಿಟ್ಟುಕೊಟ್ಟು, ಆಮೇಲೆ ಮುಂದುವರಿಯಬಹುದು. ‘ನಿಂತು’, ‘ಬಿಟ್ಟುಕೊಟ್ಟು’ ಎಂಬ ಎರಡು ಮಾತನ್ನು ನಮ್ಮವರು ಮರೆತು ಉಳಿದದ್ದನ್ನು ಮಾತ್ರ ಹೇಳುತ್ತಾರೆ. 2017 ರಲ್ಲಿ ಡೆಲವೇರ್ ರಾಜ್ಯ ಇದೇ ಹಾದಿ ಹಿಡಿದಾಗ ಸ್ಟಾಪ್ ಫಲಕದ ಭಾಗವನ್ನಷ್ಟೇ ತೆಗೆದುಕೊಂಡಿತು, ಕೆಂಪು ದೀಪವನ್ನು ಮುಟ್ಟಲಿಲ್ಲ. ನನಗೆ ಪ್ಯಾರಿಸ್ಸಿನ ಕ್ರಮ ಹೆಚ್ಚು ಒಪ್ಪಿಗೆ. ಅಲ್ಲಿ ದೀಪದ ಕಂಬಕ್ಕೆ ಸೈಕಲ್ಲಿನ ಚಿತ್ರವಿರುವ ಪುಟ್ಟ ತ್ರಿಕೋನ ಫಲಕ ಹಾಕುತ್ತಾರೆ. ಅದಿದ್ದ ಕಡೆ ಮಾತ್ರ, ಬಾಣ ತೋರಿಸಿದ ದಿಕ್ಕಿಗೆ ಮಾತ್ರ, ಪಾದಚಾರಿಗೆ ದಾರಿ ಬಿಟ್ಟು, ಕೆಂಪಿನಲ್ಲೂ ಸೈಕಲ್ಲು ಹೋಗಬಹುದು. ಒಂದೊಂದು ಚೌಕವನ್ನೂ ನೋಡಿ ಕೊಟ್ಟ ರಿಯಾಯಿತಿ ಅದು. ಸವಾರ ತಾನೇ ತೆಗೆದುಕೊಂಡದ್ದಲ್ಲ.

ನಮ್ಮ ಕಾನೂನು ಇಲ್ಲಿ ಮಬ್ಬು. 1988 ರ ಮೋಟಾರು ವಾಹನ ಕಾಯ್ದೆಯಲ್ಲಿ ಸಂಚಾರ ಸಂಕೇತ ಪಾಲಿಸಬೇಕೆನ್ನುವ 119ನೇ ಕಲಂ ಮೋಟಾರು ವಾಹನ ಓಡಿಸುವವರನ್ನು ಕುರಿತದ್ದು. ಸೈಕಲ್ಲು ಮೋಟಾರು ವಾಹನವಲ್ಲ. ಇದನ್ನು ಗೆಳೆಯರೊಬ್ಬರು ವಿನಾಯಿತಿ ಎಂಬಂತೆ ಓದಿ ಹೇಳಿದರು. ನನಗೆ ಅದು ಅಲಕ್ಷ್ಯದಂತೆ ಕೇಳಿಸಿತು. ಕಾಯ್ದೆ ನಮ್ಮನ್ನು ಗಮನಿಸದೆ ಬಿಟ್ಟಂತೆಯೇ ರಸ್ತೆಯೂ ಬಿಟ್ಟಿದೆ. 2020 ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ಲಿಗೆ ಬೇರೆ ಪಥ ಮಾಡಿದಾಗ ನಾವು ಸಂತೋಷಪಟ್ಟೆವು. ಅದು ಬಾಳಲಿಲ್ಲ. ಮಾಡಬಹುದಾದ ಕೆಲಸಕ್ಕೇನೂ ಕೊರತೆಯಿಲ್ಲ. ಬಸ್ಸು ಕಾರುಗಳು ನಿಲ್ಲುವ ಗೆರೆಗಿಂತ ಮುಂದೆ ಸೈಕಲ್ಲಿಗೊಂದು ಗೆರೆ ಎಳೆಯಲಿ. ಮೂರ್ನಾಲ್ಕು ಸೆಕೆಂಡು ಮುಂಚಿತವಾಗಿ ಸೈಕಲ್ಲಿಗೆ ಹಸಿರು ಕೊಡಲಿ, ಆಗ ಬಸ್ಸಿನ ಮೂಲೆಯಿಂದ ಸವಾರ ತಪ್ಪಿಸಿಕೊಳ್ಳುತ್ತಾನೆ. ಕೋಪನ್‌ಹೇಗನ್ನಿನ ನೊರೆಬ್ರೊಗಾಡೆ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ತುಳಿಯುವವನಿಗೆ ಒಂದರ ಹಿಂದೊಂದು ಹಸಿರು ಸಿಗುವಂತೆ ದೀಪಗಳನ್ನು ಹೊಂದಿಸಿದ್ದಾರೆ. ಅಲ್ಲಿ ನಿಲ್ಲುವ ದಂಡವೇ ಕಮ್ಮಿ.

ಇವನ್ನೆಲ್ಲ ನಾವು ಜೋರಾಗಿಯೇ ಕೇಳಬೇಕು. ಕೊಡುವವರೆಗೆ ಕೆಂಪು ದಾಟುತ್ತೇವೆ ಎನ್ನುವುದು ಮಾತ್ರ ಸಲ್ಲದು. ನಮಗಾದ ಅನ್ಯಾಯದ ಬಾಕಿಯನ್ನು ಆಗ ತೀರಿಸುವವರು ರಸ್ತೆ ಕಟ್ಟಿದವರಲ್ಲ, ನಮಗಿಂತಲೂ ನಿಧಾನವಾಗಿ ನಡೆಯುವವರು. ಫುಟ್‌ಪಾತೂ ನೆಟ್ಟಗಿಲ್ಲದ ಈ ಊರಿನಲ್ಲಿ ಆ ಕೆಲವು ಸೆಕೆಂಡಿನ ಕೆಂಪು ಬಿಟ್ಟರೆ ಅವರದೆನ್ನುವುದು ರಸ್ತೆಯ ಮೇಲೆ ಬೇರೇನೂ ಇಲ್ಲ.

ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವ ಗೆಳೆಯರೇ, ಜೀಬ್ರಾ ಪಟ್ಟೆಗೆ ಹಿಂದೆಯೇ ನಿಲ್ಲಿ. ಬಸ್ಸಿನ ಪಕ್ಕದ ಮೂಲೆ ಬೇಡ, ಅದರ ಹಿಂದೆ, ಲೇನಿನ ನಡುವೆ ನಿಲ್ಲಿ. ಕಾಯಲು ಆಗುವುದೇ ಇಲ್ಲವೆಂದರೆ ಇಳಿದು, ಸೈಕಲ್ ತಳ್ಳಿಕೊಂಡು, ನಡೆಯುವವರ ಜೊತೆಗೆ ಅವರ ನಡಿಗೆಯಲ್ಲೇ ದಾಟಿ.